ಜೋಡಿಲೆ ಚೆಲ್ಲಿದ ಚರಗ

ಸಿಂದಗಿ
೧೮ ಜೂನ್ ೨೦೨೫, ಬುಧವಾರ

ಸೌಂದರ್ಯಾ ವೈನಿಗೆ ಸುವರ್ಣಾಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡ, ಫೋನು ಕೆಟ್ಟಿಲ್ಲ. ನಾವಿಬ್ಬರು ಫೋನಿನಲ್ಲಿ ಬರೆದುಕೊಂಡದ್ದೆಲ್ಲ ಕೋರ್ಟಿನ ಫೈಲಿನಲ್ಲಿ ಪುಟದ ನಂಬರು ಹಾಕಿಸಿಕೊಂಡು ಕೂತಿದೆ. ‘ಅತ್ತಿ ಗುಳಿಗಿ ತಗೊಂಡ್ರೇನು’ ಎಂದು ನಾನು ಕೇಳಿದ್ದೂ ಇದೆ. ಅದಕ್ಕೇ ಈ ಹಳೇ ಪದ್ಧತಿ. ನಿನ್ನ ಅಣ್ಣ ಗುರುನಾಥ ಹೊರ್ತಿಗೆ ಬಂದುಹೋಗಿ ಮಾಡುತ್ತಾನೆ, ಮನೆಗೆ ಬರೆದರೆ ಅವನ ಕೈಗೆ ಸಿಕ್ಕೀತೆಂದು ನಿನ್ನ ಅಂಗನವಾಡಿಯ ವಿಳಾಸ ಹಾಕಿದ್ದೇನೆ. ಓದಿ ಒಲೆಗೆ ಹಾಕು.

ಸೋಮವಾರ ತೀರ್ಪು ಬಂತು. ವಿಚ್ಛೇದನ ಬೇಡಿದ ನನ್ನ ಅರ್ಜಿ ವಜಾ. ಆರು ವರ್ಷದ ಹಿಂದೆ ಮುದ್ದೇಬಿಹಾಳದ ಆ ಮನೆ ಬಿಟ್ಟು ಬಂದವಳು, ಮೂರು ವರ್ಷ ರಜೆ ಹಾಕಿ ಹಾಕಿ ಕೋರ್ಟಿನ ಕಟ್ಟೆ ಸವೆಸಿದವಳು, ಇವತ್ತಿಗೂ ಗುರುನಾಥನ ಹೆಂಡತಿಯೇ.

ಜಡ್ಜ್ ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೊಡೆದದ್ದು, ಶಾಲೆಗೆ ಬಂದು ಮಕ್ಕಳ ಮುಂದೆ ನನ್ನ ಜಡೆ ಹಿಡಿದು ಎಳೆದದ್ದು, ಎಲ್ಲ ನಡೆದದ್ದೇ ಎಂದು ಅವರು ಬರೆದಿದ್ದಾರೆ. ಆಮೇಲೆ ಒಂದು ಫೋಟೋ ನೋಡಿದ್ದಾರೆ. ೨೦೨೪ರ ಜನವರಿಯ ಎಳ್ಳಮಾವಾಸ್ಯೆ. ಬಿಳಿಜೋಳದ ಹೊಲ. ಗುರುನಾಥ ಮುಂದೆ ಭೂಮಿತಾಯಿಗೆ ಕಡುಬು, ರೊಟ್ಟಿ, ಪಲ್ಯೆಯ ಚರಗ ಚೆಲ್ಲುತ್ತ ಹೊರಟಿದ್ದಾನೆ. ನಾನು ಇಳಕಲ್ ಸೀರೆಯ ಸೆರಗು ಹೊತ್ತು ತಂಬಿಗೆಯಿಂದ ನೀರು ಹಾಕುತ್ತ ಅವನ ಹಿಂದೆ ಹೊರಟಿದ್ದೇನೆ. ಆ ಫೋಟೋ ತೆಗೆದವಳು ನೀನು, ಸ್ಟೇಟಸ್ಸಿಗೆ ಹಾಕಿದವಳೂ ನೀನು. ಕೇಸು ನಡೆದಿರುವಾಗಲೇ ಅರ್ಜಿದಾರಳು ಗಂಡನ ಮನೆಗೆ ಹೋಗಿ ಮೂರು ದಿನ ಇದ್ದು, ದಂಪತಿಯಾಗಿ ಭೂಮಿಪೂಜೆ ಮಾಡಿದ್ದಾಳೆ, ಹಿಂದಿನ ಕ್ರೌರ್ಯವನ್ನು ಕ್ಷಮಿಸಿದ್ದಾಳೆ ಎಂದು ತೀರ್ಪಿನಲ್ಲಿದೆ.

ನಾನು ಯಾಕೆ ಹೋಗಿದ್ದೆ ಎಂಬುದು ನಿನಗೆ ಗೊತ್ತು. ನೀನೇ ಫೋನು ಮಾಡಿದ್ದೆ. ಸಾವಿತ್ರವ್ವ ಅತ್ತೆ ನಿನ್ನ ಕೈಯಿಂದ ಫೋನು ಕಸಿದುಕೊಂಡು, ‘ಜೋಡಿಲೆ ಚರಗಾ ಚೆಲ್ಲಲಾರದ ಹೊಲಾ ಬಿಕೋ ಅನ್ನಾಕತ್ತೈತಿ. ಒಂದ ವರ್ಷರ ಬಾ ನನ ಮಗಳ, ನಾ ಇರೂತನಾ ಕಣ್ಣಿಲೆ ನೋಡತೇನಿ’ ಅಂದರು. ನನಗೆ ಹೊಡೆತ ಬೀಳುವಾಗ ಎಷ್ಟೋ ಸಲ ನಡುವೆ ಬಂದು ತಾವು ತಿಂದವರು ಅವರು. ಬರುತ್ತೇನೆ ಅಂದುಬಿಟ್ಟೆ. ವಕೀಲರನ್ನು ಕೇಳಬೇಕು ಎಂದೂ ಹೊಳೆಯಲಿಲ್ಲ. ಈಗ ಜಯತೀರ್ಥ ವಕೀಲರು ಹಣೆ ಒತ್ತಿಕೊಂಡು, ‘ನನಗ ಒಂದು ಮಾತು ಕೇಳಬೇಕಿತ್ತಲ್ರೀ ಅಕ್ಕೋರೆ. ನಿಮಗದು ಹಬ್ಬ, ಕಾಯ್ದೆದಾಗ ಅದು ಕ್ಷಮಾ ಆಗ್ತದ’ ಅಂದರು.

ಫೋಟೋ ಒಂದೇ ಆಗಿದ್ದರೆ ಗೆಲ್ಲಬಹುದಿತ್ತಂತೆ. ಕೆಡಿಸಿದ್ದು ನಿನ್ನ ಸಾಕ್ಷಿ. ‘ಮೂರು ದಿವಸ ಗಂಡಾ ಹೆಂಡ್ತಿ ಒಂದ ಖೋಲ್ಯಾಗ ಇದ್ರು, ಛಲೋ ಇದ್ರು’ ಎಂದು ಕಟಕಟೆಯಲ್ಲಿ ನಿಂತು ಹೇಳಿದೆ. ಮೂರು ದಿನವೂ ನಾನು ಮಲಗಿದ್ದು ಅತ್ತೆಯ ಮಗ್ಗುಲಲ್ಲಿ. ನೀನೂ ಅಲ್ಲೇ ಇದ್ದೆ, ನಾವು ಮೂವರೂ ಒಂದೇ ಕೌದಿ ಹೊದ್ದಿದ್ದೆವು.

ನಿನಗೆ ಅಣ್ಣನ ಹೆದರಿಕೆ, ನಾನು ಬಲ್ಲೆ. ಒಂದೇ ಹಂದರದಲ್ಲಿ ಸಾಟಿ ಲಗ್ನ ಮಾಡಿ ನನ್ನನ್ನು ಅವನಿಗೆ ಕೊಟ್ಟು, ನಿನ್ನನ್ನು ನನ್ನ ಚಂದ್ರಾಮಣ್ಣನಿಗೆ ತಂದರು. ನಾನು ನಿನಗೆ ಅಣ್ಣನ ಹೆಂಡತಿ, ವೈನಿ. ನೀನೂ ನನಗೆ ವೈನಿ. ಈ ನಂಟನ್ನು ಕೋರ್ಟಿನಲ್ಲಿ ಬಿಡಿಸಿ ಹೇಳಲು ಜಯತೀರ್ಥರಿಗೆ ಅರ್ಧ ತಾಸು ಬೇಕಾಯಿತು. ಆದದ್ದು ಆಯಿತು. ಮೇಲಿನ ಕೋರ್ಟಿಗೆ ಅಪೀಲು ಹೋಗಲು ತೊಂಬತ್ತು ದಿನ ಇದೆ. ನಿಜ ಏನೆಂದು ನೀನೊಂದು ಪ್ರಮಾಣಪತ್ರ ಬರೆದುಕೊಡು. ಹೊಸ ಸಾಕ್ಷಿಯನ್ನು ಅಲ್ಲಿ ಸುಲಭಕ್ಕೆ ಒಪ್ಪುವುದಿಲ್ಲವಂತೆ, ಆದರೂ ಕೇಳಿ ನೋಡಬಹುದಂತೆ. ನನ್ನ ಬಿಡುಗಡೆ ನಿನ್ನ ನಾಲ್ಕು ಸಾಲಿನಲ್ಲಿದೆ.

ಸುವರ್ಣಾ


ಹೊರ್ತಿ
೯ ಜುಲೈ ೨೦೨೫

ಸುವರ್ಣಾ ವೈನಿಯವರಿಗೆ,

ನಿಮ್ಮ ಪತ್ರ ಬಂದು ಹದಿನೈದು ದಿನದ ಮೇಲಾಯಿತು. ಅಂಗನವಾಡಿಯಲ್ಲಿ ಮಕ್ಕಳ ತೂಕ ಮಾಡುವ ಕೆಲಸ ನಡೆದಿದೆ. ತಕ್ಕಡಿಯಲ್ಲಿ ಕೂಡ್ರಲು ಒಲ್ಲೆ ಎಂದು ಒಂದೊಂದೂ ಕಿರುಚುತ್ತದೆ, ಬರೆಯಲು ಕೈ ಬಿಡುವಾಗಲಿಲ್ಲ. ಇದು ನೆಪ ಎಂದು ನಿಮಗೆ ತಿಳಿಯುತ್ತದೆ. ನಿಮ್ಮ ಮುಂದೆ ನೆಪ ಹೇಳಿ ಯಾರು ಗೆದ್ದಾರು.

ನಾನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳು. ಹೇಳು ಅಂದದ್ದನ್ನು ಹೇಳಿದೆ. ಹೊರಗೆ ಬಂದಾಗ ನೀವು ನನ್ನನ್ನು ನೋಡದೆ ಬೇವಿನ ಗಿಡದ ಕಡೆಗೆ ಮುಖ ಮಾಡಿ ನಿಂತಿದ್ದಿರಿ. ಬೈದಿದ್ದರೆ ಚೆನ್ನಾಗಿತ್ತು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನೀವು ಸಿಂದಗಿಯಲ್ಲಿ, ಅಣ್ಣ ಮುದ್ದೇಬಿಹಾಳದಲ್ಲಿ. ಆರು ವರ್ಷ ಹೀಗೇ ಹೋಯಿತು. ನಿಮ್ಮ ನೌಕರಿ ನಿಮಗಿದೆ. ಆ ವಿಚ್ಛೇದನದ ಸೋಡಚೀಟಿ ಬಂದರೆ ಏನು ಹೆಚ್ಚಾಗುತ್ತದೆ, ಬರದಿದ್ದರೆ ಏನು ಕಡಿಮೆಯಾಗುತ್ತದೆ? ಹೀಗೇ ಇದ್ದುಬಿಡಲು ಬರುವುದಿಲ್ಲವೇ?

ಅವ್ವನಿಗೆ ಬಿ.ಪಿ. ಜಾಸ್ತಿ. ಫೋಟೋ ಕೋರ್ಟಿಗೆ ಹೋದದ್ದು ಗೊತ್ತಾದಾಗಿನಿಂದ ಅಣ್ಣನ ಕೂಡ ಮಾತು ಬಿಟ್ಟಿದ್ದಾಳೆ. ನಿಮ್ಮ ಹೆಸರು ತೆಗೆದರೆ ಗೋಡೆ ನೋಡುತ್ತಾಳೆ. ನಮ್ಮ ಮಕ್ಕಳಿಬ್ಬರೂ ಆರಾಮ. ಅವರ ಅಪ್ಪನೂ ಆರಾಮ, ನಿಮ್ಮದೇ ಚಿಂತೆ ಮಾಡುತ್ತಾರೆ.

ನಿಮ್ಮ ಸೌಂದರ್ಯಾ


ಸಿಂದಗಿ
೧೬ ಜುಲೈ ೨೦೨೫

ಸೌಂದರ್ಯಾ,

ಏನು ಹೆಚ್ಚಾಗುತ್ತದೆ ಎಂದು ಕೇಳಿದ್ದೀ. ಹೇಳುತ್ತೇನೆ ಕೇಳು.

ತೀರ್ಪು ಬಂದ ಹತ್ತನೆಯ ದಿನ ನಿನ್ನ ಅಣ್ಣ ನಮ್ಮ ಶಾಲೆಗೆ ಬಂದಿದ್ದ. ನಾನು ನಾಲ್ಕನೆಯ ವರ್ಗಕ್ಕೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಹೆಡ್ ಮಾಸ್ತರ ಬಸಂತರಾಯರು ಬಾಗಿಲಲ್ಲಿ ನಿಂತು, ‘ಅಕ್ಕೋರ, ನಿಮ್ಮ ಯಜಮಾನ್ರು ಬಂದಾರ. ಚಾ ತರಸೇನಿ’ ಅಂದರು. ಒಳ್ಳೆಯ ಮನುಷ್ಯ, ಹೊಸದಾಗಿ ಬಂದವರು, ಹಿಂದಿನದು ಅವರಿಗೆ ತಿಳಿಯದು. ತಿಳಿದಿದ್ದರೂ ಗಂಡ ಎಂದು ಬಂದವನನ್ನು ಯಾವ ಬಾಯಿಂದ ತಡೆಯಬೇಕು? ಅವನು ನನ್ನ ಖುರ್ಚಿಯಲ್ಲಿ ಕೂತು ಚಹಾ ಕುಡಿದ. ಮಕ್ಕಳ ಹೆಸರು ಒಂದೊಂದಾಗಿ ಕೇಳಿದ. ಹೋಗುವಾಗ, ‘ಕೋರ್ಟ ಏನಂದೈತಿ ಕೇಳಿದೆಲ್ಲಾ. ಗಂಟ ಕಟಗೊಂಡ ಬಾ’ ಅಂದ. ಮರುವಾರ ಅವನ ವಕೀಲರಿಂದ ನೋಟೀಸು ಬಂತು, ಹದಿನೈದು ದಿನದಲ್ಲಿ ಸಂಸಾರಕ್ಕೆ ಬರಬೇಕೆಂದು.

ಅವತ್ತಿನಿಂದ ಬೋರ್ಡಿನ ಮೇಲೆ ಬರೆಯಲು ನನಗೆ ಆಗುತ್ತಿಲ್ಲ. ಬಾಗಿಲಿಗೆ ಬೆನ್ನು ಕೊಡಲು ಹೆದರಿಕೆ. ಮೂವತ್ತೇಳು ವರ್ಷದ ಹೆಂಗಸು, ಲೆಕ್ಕವನ್ನೆಲ್ಲ ಬಾಯಿಂದಲೇ ಹೇಳಿ ಬರೆಸುತ್ತೇನೆ. ಆ ಚೀಟಿ ಇದ್ದರೆ ಅವನು ಹೊರಗಿನವನು, ಇಲ್ಲದಿದ್ದರೆ ಯಜಮಾನ. ಇಷ್ಟೇ ಫರಕು.

ಜಯತೀರ್ಥರು ಇರುವ ದಾರಿಗಳನ್ನೆಲ್ಲ ಹೇಳಿದರು. ಇಬ್ಬರೂ ಕೂಡಿ ಸಹಿ ಮಾಡಿ ಕೇಳಿದರೆ ಬೇಗ ಮುಗಿಯುತ್ತದೆ, ಆದರೆ ಅವನು ಸಹಿ ಮಾಡುವ ಪೈಕಿ ಅಲ್ಲ. ಎರಡು ವರ್ಷ ಸತತ ಬೇರೆ ಇದ್ದದ್ದು ತೋರಿಸಿ ಹೊಸ ಕೇಸು ಹಾಕಬಹುದು, ಆದರೆ ಎಣಿಕೆ ಆ ಎಳ್ಳಮಾವಾಸ್ಯೆಯಿಂದ ಶುರು, ಬರುವ ಜನವರಿಗೆ ತುಂಬುತ್ತದೆ, ಆಮೇಲೆ ಮತ್ತೆ ಎಷ್ಟು ವರ್ಷ ತಾರೀಖೋ. ಅಪೀಲೇ ಹತ್ತಿರದ ದಾರಿ. ಸೆಪ್ಟೆಂಬರ್ ನಡುವಿನೊಳಗೆ ವಿಜಯಪುರದಲ್ಲಿ ಹಾಕಬೇಕು. ನನ್ನನ್ನು ತರಬೇತಿಗೆ ಹಾಕಿದ್ದಾರೆ, ರಜೆ ಸಿಗುವುದಿಲ್ಲ. ಕಾಗದಕ್ಕೆಲ್ಲ ಸಹಿ ಮಾಡಿ ಚಂದ್ರಾಮಣ್ಣನ ಕೈಯಲ್ಲಿ ಕೊಟ್ಟಿದ್ದೇನೆ, ಅವನು ಅಲ್ಲಿಯ ವಕೀಲರಿಗೆ ಮುಟ್ಟಿಸುತ್ತಾನೆ.

ಅವನಿರದಿದ್ದರೆ ನಾನು ಯಾವಾಗಲೋ ಕೈಚೆಲ್ಲುತ್ತಿದ್ದೆ. ಪ್ರತಿ ತಾರೀಖಿಗೂ ಹೊರ್ತಿಯಿಂದ ಮೋಟರ್ ಸೈಕಲ್ ಮೇಲೆ ಬಂದು, ಊಟ ಬಿಟ್ಟು ಕೋರ್ಟಿನ ಹೊರಗೆ ಕೂತವನು. ನಿನ್ನ ಪ್ರಮಾಣಪತ್ರವನ್ನೂ ಅವನ ಕೈಯಲ್ಲೇ ಕಳಿಸು. ಅವನ ಮುಂದೆ ಎಲ್ಲ ಹೇಳಬಹುದು. ಅವನು ನಿನ್ನ ಬೆನ್ನಿಗಿದ್ದರೆ ಗುರುನಾಥ ಏನು ಮಾಡಿಯಾನು?

ಸುವರ್ಣಾ


ಹೊರ್ತಿ
೨೦ ಆಗಸ್ಟ್ ೨೦೨೫

ವೈನಿ,

ಸಣ್ಣ ಪತ್ರ. ಕಾಗದ ವಿಜಯಪುರಕ್ಕೆ ಮುಟ್ಟಿತೋ ಇಲ್ಲವೋ, ನೀವೇ ಒಂದು ದಿನ ಹೋಗಿ ಕೇಳಿ ಬರಲು ಆಗುವುದಿಲ್ಲವೇ? ಬೇರೆಯವರನ್ನು ಕೇಳಬೇಡಿ, ಖುದ್ದು ಹೋಗಿ. ಸೌಂದರ್ಯಾ ಹೇಳಿದಳು ಎಂದು ಎಲ್ಲೂ ಅನ್ನಬೇಡಿ.

ಪ್ರಮಾಣಪತ್ರ ಎರಡು ಸಲ ಬರೆದೆ, ಎರಡು ಸಲವೂ ಹರಿದೆ. ಯಾಕೆ ಎಂದು ಬರೆಯಲು ನನಗೆ ಬರುವುದಿಲ್ಲ.

ಪಂಚಮಿಗೆ ತವರಿಗೆ ಹೋಗಿದ್ದೆ. ಅವ್ವ ಉಂಡಿ ಕಟ್ಟಿ ನಿಮ್ಮ ಪಾಲಿನದನ್ನು ಬೇರೆ ತೆಗೆದಿಟ್ಟಿದ್ದಳು. ಕಳಿಸಲೋ ಬೇಡವೋ ಎಂದು ಕೇಳಿದಳು. ಬೇಡ ಅಂದೆ. ಉಂಡಿಯೂ ಕೋರ್ಟಿಗೆ ಹೋಗುವುದು ಬೇಡ.

ಸೌಂದರ್ಯಾ


ಸಿಂದಗಿ
೨೪ ಸೆಪ್ಟೆಂಬರ್ ೨೦೨೫

ಸೌಂದರ್ಯಾ,

ನಿನ್ನ ಆಗಸ್ಟಿನ ಪತ್ರ ಓದಿ ನಾನು ನಕ್ಕಿದ್ದೆ. ಇವಳಿಗೆ ವಕೀಲರ ಮೇಲೆ ನಂಬಿಕೆಯಿಲ್ಲ, ಕಪ್ಪು ಕೋಟು ಕಂಡರೆ ಹೆದರುತ್ತಾಳೆ ಅಂದುಕೊಂಡೆ. ಓದಲು ಬರೆಯಲು ಕಲಿಸುವವಳು ನಾನು. ನೀನು ಅಷ್ಟು ದೊಡ್ಡದಾಗಿ ಬರೆದದ್ದನ್ನು ಓದಲು ನನಗೆ ಬರಲಿಲ್ಲ.

ತೊಂಬತ್ತು ದಿನ ತುಂಬಿ ವಾರವಾದ ಮೇಲೆ ಜಯತೀರ್ಥರು ಅಪೀಲಿನ ನಂಬರು ಕೇಳಿದರು. ವಿಜಯಪುರದ ವಕೀಲರನ್ನು ವಿಚಾರಿಸಿದರೆ ಅವರಿಗೆ ಕಾಗದವೇ ಹೋಗಿಲ್ಲ. ಅಣ್ಣನಿಗೆ ಫೋನು ಮಾಡಿ ಬಾ ಅಂದೆ. ಬಂದ. ಗಾಡಿಯ ಪಕ್ಕದ ಡಬ್ಬಿಯಿಂದ ಕಾಗದ ತೆಗೆದುಕೊಟ್ಟ, ನಾನು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಇತ್ತು, ಗಂಟು ಕೂಡ ಬಿಚ್ಚಿರಲಿಲ್ಲ.

‘ತಡಾ ಆತವ್ವಾ ತಂಗಿ,’ ಅಂದ.

‘ತಡಾ ಆಗಿಲ್ಲಣ್ಣಾ, ನೀ ತಡಾ ಮಾಡಿದಿ.’

ಚಹಾದಂಗಡಿಯ ಮುಂದೆ ನಿಂತಿದ್ದೆವು. ಅವನ ಚಹಾ ತಣ್ಣಗಾಯಿತು. ಆಮೇಲೆ ನೆಲ ನೋಡುತ್ತ ಹೇಳಿದ: ‘ಗುರುನಾಥ ಬಂದ ಹೇಳ್ಯಾನ. ನಿಂದ ಸೋಡಚೀಟಿ ಆದ ದಿನಾನ ಸೌಂದರ್ಯಾನ ತವರಿಗಿ ಕರಕೊಂಡ ಹೋಗ್ತಾನಂತ. ಸಾಟಿ ಲಗ್ನಾ, ಒಂದು ಮುರದ್ರ ಇನ್ನೊಂದೂ ಮುರೀತೈತಿ ಅಂತಾನ. ಮಕ್ಳು ಏನ ಮಾಡ್ಯಾವು, ಹೇಳ?’

ಅವನು ಅತ್ತ. ನಾಲ್ಕು ಜನ ನೋಡುತ್ತಿದ್ದರು. ಸೆರಗಿನಿಂದ ನಾನೇ ಅವನ ಮುಖ ಒರೆಸಿ ಕಳಿಸಿದೆ. ಅವನು ಹೋದ ಮೇಲೆ ನನಗೆ ಸಿಟ್ಟು ಬಂತು, ಅಲ್ಲಿಯತನಕ ಬಂದಿರಲಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ, ಒಂದೇ ಸಾಲಿನಲ್ಲಿ ಉತ್ತರ ಬರೆ. ಕಟಕಟೆಯಲ್ಲಿ ಆ ಮಾತು ಹೇಳೆಂದು ನಿನಗೆ ಹೇಳಿದವರು ಯಾರು?

ಸುವರ್ಣಾ


ಹೊರ್ತಿ
೩ ಅಕ್ಟೋಬರ್ ೨೦೨೫

ವೈನಿ,

ನಿಮ್ಮ ಅಣ್ಣ.

ಒಂದು ಸಾಲು ಸಾಕು ಅಂದಿದ್ದೀರಿ, ನನಗೆ ಸಾಲುವುದಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಹಿಂದೆ ಕೂತು ಆ ಮಾತನ್ನು ಮತ್ತೆ ಮತ್ತೆ ಹೇಳಿಸಿದರು, ನೀವು ಮಕ್ಕಳಿಗೆ ಮಗ್ಗಿ ಹೇಳಿಸುವ ಹಾಗೆ. ‘ಸುವರ್ಣಾ ಶಾಣ್ಯಾ ಅದಾಳ, ನೌಕರಿ ಐತಿ, ಹೆಂಗರ ಬದಕತಾಳ. ನಾ ಬದಕೂದಿಲ್ಲ’ ಅಂದರು. ಅವರು ನಿಮ್ಮ ಕೂಡ ಕೋರ್ಟಿನ ಹೊರಗೆ ಕೂತದ್ದೂ ಸುಳ್ಳಲ್ಲ. ಊಟ ಬಿಟ್ಟದ್ದೂ ಸುಳ್ಳಲ್ಲ. ನಿಮ್ಮ ನೋವು ನೋಡಿ ಬಂದು ಇಲ್ಲಿಯೂ ಉಣ್ಣುತ್ತಿರಲಿಲ್ಲ.

ನಿಮಗೆ ಹೇಳಬಾರದು ಎಂದೇ ಇದ್ದೆ. ನನ್ನ ಅಣ್ಣ ಕೆಟ್ಟವನೆಂದು ನಿಮಗೆ ಗೊತ್ತೇ ಇದೆ, ಇನ್ನೊಂದು ಹೊರೆ ಅವನ ತಲೆಯ ಮೇಲೆ ಕೂತರೆ ಏನೂ ಆಗುವುದಿಲ್ಲ. ನಿಮ್ಮ ಅಣ್ಣ ಒಬ್ಬರಾದರೂ ನಿಮಗೆ ಉಳಿಯಲಿ ಅಂದುಕೊಂಡೆ. ಹೀಗೆ ಬರೆದರೆ ನಾನು ಬಹಳ ಒಳ್ಳೆಯವಳು ಅನಿಸುತ್ತದೆ. ಅದೂ ಖರೆ ಅಲ್ಲ. ಆ ಮಾತು ಹೇಳಲು ನನಗೂ ಬೇಕಾಗಿತ್ತು. ನನಗೆ ನನ್ನ ಗಂಡ ಬೇಕು, ಮಕ್ಕಳು ಬೇಕು, ಈ ಮನೆ ಬೇಕು. ಕಟಕಟೆಯಲ್ಲಿ ನನ್ನ ನಾಲಿಗೆ ಒಂದು ಸಲವೂ ತೊದಲಲಿಲ್ಲ, ನೀವೇ ನೋಡಿದ್ದೀರಿ.

ಇನ್ನೊಂದು. ಅವ್ವನಿಗೆ ದಸರೆಯ ಮುಂದೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋಗಿವೆ. ಬಸವನ ಬಾಗೇವಾಡಿಯಲ್ಲಿ ಒಂದು ಖಾಸಗಿ ದವಾಖಾನೆಯಲ್ಲಿ ಹಾಕಿದ್ದೇವೆ. ಎಚ್ಚರಾದಾಗ ನಿಮ್ಮ ಹೆಸರು ಹೇಳುತ್ತಾಳೆ. ಒಂದು ಸಲ ಕರೆದು ನಿಮ್ಮನ್ನು ಹಾಳು ಮಾಡಿದ್ದೇನೆ. ಈ ಸಲ ಕರೆಯುವುದಿಲ್ಲ. ತಿಳಿಸುತ್ತಿದ್ದೇನೆ ಅಷ್ಟೇ.

ಸೌಂದರ್ಯಾ


ಬಸವನ ಬಾಗೇವಾಡಿ, ಬಸ್ ನಿಲ್ದಾಣ
೧೧ ಅಕ್ಟೋಬರ್ ೨೦೨೫, ಶನಿವಾರ

ಸೌಂದರ್ಯಾ,

ಮುಂಜಾನೆ ಒಂಬತ್ತಕ್ಕೆ ಬಂದು ಇಳಿದಿದ್ದೇನೆ. ಈಗ ಹನ್ನೆರಡೂವರೆ. ದವಾಖಾನೆ ಎಲ್ಲಿ ಎಂದು ಒಬ್ಬರನ್ನು ಕೇಳಿದೆ, ಹತ್ತು ಮಿನಿಟಿನ ದಾರಿ ಅಂದರು. ಕಲ್ಲು ಬೆಂಚಿನ ಮೇಲೆ ಕೂತಿದ್ದೇನೆ. ಚೀಲದಲ್ಲಿ ಅತ್ತೆಗೆ ಮೆತ್ತಗಿನ ಎರಡು ಸೀರೆ ಇವೆ.

ನಿನ್ನೆ ಜಯತೀರ್ಥರ ಕಡೆ ಹೋಗಿದ್ದೆ. ತಡವಾದ ಅಪೀಲನ್ನೂ ತಗೊಳ್ಳುತ್ತಾರಂತೆ. ಆದರೆ ತಡ ಯಾಕಾಯಿತು ಎಂದು ಪ್ರಮಾಣ ಮಾಡಿ ಬರೆಯಬೇಕು. ಬರೆಯಲು ಕೂತೆ. ‘ನನ್ನ ಸ್ವಂತ ಅಣ್ಣನಾದ’ ಎಂಬತನಕ ಬರೆದೆ, ಮುಂದೆ ಪೆನ್ನು ಓಡಲಿಲ್ಲ. ಅದು ಕೋರ್ಟಿಗೆ ಹೋದರೆ ಅವನೂ ಹೋಗುತ್ತಾನೆ, ಅವನ ಹಿಂದೆ ನಿನ್ನ ಸುಳ್ಳು ಸಾಕ್ಷಿಯೂ ಹೋಗುತ್ತದೆ. ಅನಾರೋಗ್ಯ ಎಂದು ಬರೆಯಲೇ ಎಂದರೆ ಡಾಕ್ಟರ ಚೀಟಿ ಬೇಕಂತೆ. ತರಬೇತಿಯಲ್ಲಿ ದಿನಾ ಹಾಜರಿ ಸಹಿ ಮಾಡಿದವಳು ನಾನು. ಅಪೀಲು ಬಿಟ್ಟೆ.

ಉಳಿದದ್ದು ಜನವರಿಯ ಹೊಸ ಕೇಸು. ಎರಡು ವರ್ಷ ತುಂಬಲು ಮೂರು ತಿಂಗಳು ಉಳಿದಿದೆ. ಅದನ್ನು ಹಾಕಿಯೇ ಹಾಕುತ್ತೇನೆ, ನಿನಗೆ ಮುಚ್ಚಿಡುವುದಿಲ್ಲ. ನಾನು ಗೆದ್ದರೆ ನಿನ್ನ ಮನೆಗೆ ಏಟು, ಸೋತರೆ ಬಾಗಿಲಿಗೆ ಬೆನ್ನು ಕೊಡಲಾರದೆ ನಾನು ಮುದುಕಿಯಾಗುತ್ತೇನೆ. ಇದಕ್ಕೆ ಪರಿಹಾರ ನನಗೆ ಗೊತ್ತಿಲ್ಲ. ಜಯತೀರ್ಥರಿಗೂ ಗೊತ್ತಿಲ್ಲ. ನೀನೂ ಅಣ್ಣನೂ ಅಷ್ಟರೊಳಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನಬಲ್ಲೆ, ಬೇರೆ ಏನೂ ಹೇಳಲಾರೆ.

ಅತ್ತೆಯನ್ನು ನೋಡಿ ಬರಲೇ ಎಂದು ಕೇಳಿದೆ. ಈ ಸಲ ಕೇಳಿದೆ. ಜಯತೀರ್ಥರು, ‘ದವಾಖಾನಿಗೆ ಹೋದ್ರ ಅದು ಸಂಸಾರ ಅಲ್ಲ ಅಂತ ನಾ ವಾದ ಮಾಡಬಹುದು. ಹೊಲಕ್ಕ ಹೋದದ್ದೂ ಸಂಸಾರ ಅಲ್ಲ ಅಂತ ವಾದ ಮಾಡಿದ್ದೆ’ ಅಂದರು. ಅಲ್ಲಿ ಗುರುನಾಥ ಇರುತ್ತಾನೆ. ಅತ್ತೆಯ ಮಂಚದ ಆ ಕಡೆ ಅವನು, ಈ ಕಡೆ ನಾನು. ನೋಡಿದವರಿಗೆ ಮಗ ಸೊಸೆ.

ಹನ್ನೊಂದಕ್ಕೆ ಒಂದು ಸಲ ಎದ್ದು ದವಾಖಾನೆಯ ದಾರಿ ಹಿಡಿದೆ. ಔಷಧಿ ಅಂಗಡಿಯತನಕ ಹೋಗಿ ಹೊರಳಿ ಬಂದೆ. ಒಬ್ಬ ಮುದುಕಿಯ ಕೈ ಹಿಡಿಯಲು ಹೆದರುವಂಥವಳು ನಾನಾಗಿರಲಿಲ್ಲ. ನನ್ನನ್ನು ಅಂಥವಳನ್ನಾಗಿ ಮಾಡಿದವರಲ್ಲಿ ಯಾರನ್ನು ಬೈಯಬೇಕೆಂದು ಎಣಿಸಿದರೆ ನನ್ನ ಮನುಷ್ಯರೇ ಬರುತ್ತಾರೆ. ಸಿಂದಗಿಯ ಬಸ್ಸು ಒಂದಕ್ಕೆ. ಸೀರೆಯನ್ನು ಇಲ್ಲಿ ಹೂ ಮಾರುವ ಇಂದ್ರಾಬಾಯಿ ಎಂಬವರ ಹತ್ತಿರ ಇಟ್ಟಿದ್ದೇನೆ, ಹೆಸರು ಹೇಳದೆ ಇಸಿದುಕೋ.

ಅತ್ತೆ ಕೇಳಿದರೆ ಸುವರ್ಣಾ ಬಂದಿದ್ದಳು ಅನ್ನು. ಕೋರ್ಟಿನಲ್ಲಿ ಕೇಳಿದರೆ ಬಂದಿರಲಿಲ್ಲ ಅನ್ನು.

ಸುವರ್ಣಾ


ಮುದ್ದೇಬಿಹಾಳ
೧೯ ಅಕ್ಟೋಬರ್ ೨೦೨೫

ವೈನಿ,

ನಿಮ್ಮ ಪತ್ರವನ್ನು ಅಂಗನವಾಡಿಯ ಆಯಾ ದವಾಖಾನೆಗೇ ತಂದುಕೊಟ್ಟಳು. ಮಂಗಳವಾರ ಅವ್ವನಿಗೆ ಸ್ವಲ್ಪ ಎಚ್ಚರಿತ್ತು. ಕೇಳಿದಳು. ನೀವು ಹೇಳಿದ ಹಾಗೆ ಹೇಳಿದೆ: ‘ಬಂದಿದ್ಲಬೇ. ನೀ ಮಲಗಿದ್ದಿ, ಎಬ್ಬಸಬ್ಯಾಡ ಅಂದ್ಲು.’ ಮೈಮೇಲೆ ನಿಮ್ಮ ಸೀರೆ ಹೊದಿಸಿದ್ದೆ, ಅದನ್ನೂ ತೋರಿಸಿದೆ.

ಅವ್ವನ ಮಾತು ತೊದಲು, ಕಿವಿ ಬಾಯಿಗೆ ಹಚ್ಚಿ ಕೇಳಬೇಕು. ‘ಸುಳ್ಳ’ ಅಂದಳು. ‘ಬಂದಿಲ್ಲ ಆಕಿ. ಬರಬಾರ್ದು.’ ಮತ್ತೆ, ‘ನಾ ಸತ್ರೂ ಬರಗೊಡಬ್ಯಾಡ’ ಅಂದಳು.

ಬುಧವಾರ ಮುಂಜಾನೆ ಹೋದಳು. ನಿಮಗೆ ಯಾರೂ ಫೋನು ಮಾಡಕೂಡದು ಎಂದು ನಾನೇ ಎಲ್ಲರಿಗೂ ಹೇಳಿದೆ. ನಿಮ್ಮ ಅಣ್ಣ ಬಾಗಿಲಲ್ಲಿ ನಿಂತು ದಾರಿ ನೋಡಿದರು, ಫೋನು ಮಾಡಲಿಲ್ಲ. ಮಣ್ಣಿಗೆ ಬಂದ ಹೆಣ್ಣುಮಕ್ಕಳು ಸೊಸೆ ಎಲ್ಲಿ, ಸೊಸೆ ಎಲ್ಲಿ ಎಂದು ಕೇಳಿದರು. ಕಲ್ಲೆದೆಯವಳು ಅಂದರು, ಇನ್ನೂ ಏನೇನೋ ಅಂದರು. ನಾನು ಒಂದು ಮಾತನ್ನೂ ತಡೆಯಲಿಲ್ಲ. ಯಾರು ಯಾರು ಅಂದರು, ಅವರ ಹೆಸರನ್ನೆಲ್ಲ ಈ ಕಾಗದದ ಹಿಂದೆ ಬರೆದಿದ್ದೇನೆ. ಇದನ್ನು ಒಲೆಗೆ ಹಾಕಬೇಡಿ. ಜನವರಿಯಲ್ಲಿ ನಿಮ್ಮ ವಕೀಲರಿಗೆ ಕೊಡಿ. ನೀವು ಬರಲಿಲ್ಲ ಎಂಬುದಕ್ಕೆ ಇಪ್ಪತ್ತಮೂರು ಸಾಕ್ಷಿಗಳಿವೆ, ಕೊನೆಯ ಹೆಸರು ನನ್ನದು.

ಸೌಂದರ್ಯಾ